ಮೀನು ಬಿಡುವ ಮುನ್ನ ಅದರ ಮೈ ನೋಡಿ

ಹೊಸ ತಳಿಯ ಮೀನುಮರಿ ಬಂದರೆ ನಾವು ಕೇಳುವುದು ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ತೂಗುತ್ತದೆ ಎಂದಷ್ಟೇ. ಅದರ ಮೈಮೇಲೆ, ಕಿವಿರಿನಲ್ಲಿ, ಹೊಟ್ಟೆಯಲ್ಲಿ ಏನು ಕೂತಿದೆ ಎಂದು ಕೇಳುವವರು ವಿರಳ. ಆ ಪ್ರಶ್ನೆ ಕೇಳದ ತಪ್ಪಿಗೆ ನಾರ್ವೆ ದಶಕಗಳಿಂದ ದಂಡ ತೆರುತ್ತಿದೆ.

1970ರ ದಶಕದಲ್ಲಿ ಸ್ವೀಡನ್ನಿನಿಂದ ನಾರ್ವೆಗೆ ಸಾಲ್ಮನ್ ಮರಿಗಳನ್ನು ತಂದರು. ಅವುಗಳ ಮೈಗಂಟಿಕೊಂಡು ಗೈರೊಡ್ಯಾಕ್ಟಿಲಸ್ ಸಲಾರಿಸ್ ಎಂಬ ಅರ್ಧ ಮಿಲಿಮೀಟರ್ ಉದ್ದದ ಹುಳುವೂ ಬಂತು. ಬಾಲ್ಟಿಕ್ ಕಡೆಯ ಸಾಲ್ಮನ್‌ಗಳು ತಲೆತಲಾಂತರದಿಂದ ಅದರೊಂದಿಗೆ ಬಾಳಿ ತಾಳಿಕೊಳ್ಳುವ ಶಕ್ತಿ ಗಳಿಸಿದ್ದವು. ನಾರ್ವೆಯ ಸಾಲ್ಮನ್‌ಗಳಿಗೆ ಆ ಶಕ್ತಿ ಇರಲಿಲ್ಲ. ಹುಳು ಕೊಕ್ಕೆಗಳಿಂದ ಕಚ್ಚಿಕೊಂಡು ಮೀನಿನ ಚರ್ಮವನ್ನೇ ತಿನ್ನುತ್ತದೆ. ಅದು ಮರಿ ಹಾಕುತ್ತದೆ, ಹುಟ್ಟಿದ ಮರಿಯ ಒಡಲಲ್ಲಿ ಆಗಲೇ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ. ಹೀಗೆ ಸೋಂಕು ಸುಮಾರು 50 ನದಿಗಳಿಗೆ ಹಬ್ಬಿ, ಎಳೆಯ ಸಾಲ್ಮನ್‌ಗಳು ರಾಶಿರಾಶಿಯಾಗಿ ಸತ್ತವು.

ಇದಕ್ಕೆ ಮದ್ದಾಗಿ ಬಂದದ್ದು ರೋಟೆನೋನ್ ಎಂಬ ಬೇರಿನ ವಿಷ. ಮೀನಿಲ್ಲದೆ ಹುಳು ಉಳಿಯದು; ಆದ್ದರಿಂದ ನದಿಗೆ ವಿಷ ಹಾಕಿ ಮೀನುಗಳನ್ನೆಲ್ಲ ಕೊಲ್ಲಬೇಕು. ಮೊದಲೇ ಬೇರೆಡೆ ಕಾಪಾಡಿಟ್ಟ ಮೂಲ ತಳಿಯನ್ನು ಆಮೇಲೆ ಮತ್ತೆ ಬಿಡಬೇಕು. ಸೋಂಕು ತಗುಲಿದ ಬಹುಪಾಲು ನದಿಗಳು ಹೀಗೆಯೇ ಹುಳುವಿನಿಂದ ಮುಕ್ತವಾಗಿವೆ.

ಯುರೋಪಿನ ಹಾವುಮೀನಿನ ಕಥೆಯೂ ಇಂಥದ್ದೇ. 1980ರ ದಶಕದ ಆರಂಭದಲ್ಲಿ ಏಷ್ಯಾದಿಂದ ಆಮದಾದ ಹಾವುಮೀನುಗಳೊಂದಿಗೆ ಬಂದ ದುಂಡುಹುಳು, ಅಲ್ಲಿನ ಹಾವುಮೀನಿನ ಗಾಳಿಚೀಲ ಹೊಕ್ಕು ರಕ್ತ ಹೀರುತ್ತಿದೆ. ಮೊಟ್ಟೆಯಿಡಲು ಸಾವಿರಾರು ಕಿಲೋಮೀಟರ್ ದೂರದ ಸರ್ಗಾಸೋ ಸಮುದ್ರಕ್ಕೆ ಈಜಬೇಕಾದ ಜೀವಿಗೆ ಗಾಳಿಚೀಲ ಕೆಟ್ಟರೆ ಗತಿಯೇನು? ಈ ಮೀನೀಗ ಅಳಿವಿನ ಅಂಚಿನಲ್ಲಿದೆ.

ನಮ್ಮ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡಿವೆ; ಮೇಲಿನ ಕೆರೆ ಕೋಡಿ ಹರಿದರೆ ನೀರು, ಮೀನು, ಹುಳು ಎಲ್ಲವೂ ಕೆಳಗಿನ ಕೆರೆಗೆ. ಕುಡಿಯಲು, ಗದ್ದೆಗೆ, ದನಕರುಗಳಿಗೆ ಅದೇ ನೀರು ಬೇಕಾದ ನಾಡಿನಲ್ಲಿ ನಾರ್ವೆಯ ಮದ್ದು ನಡೆಯುವುದಿಲ್ಲ. ಅಕ್ವೇರಿಯಂಗೆಂದು ತಂದ ಸಕ್ಕರ್ ಮೀನು ಈಗಾಗಲೇ ಬೆಂಗಳೂರಿನ ಕೆರೆಗಳಲ್ಲಿ ಬೀಡುಬಿಟ್ಟಿದೆ.

ಹಾಗಾಗಿ ತಡೆಯೊಂದೇ ನಮಗಿರುವ ದಾರಿ. ಹೊರಗಿನಿಂದ ತಂದ ಮರಿಗಳನ್ನು ಮೊದಲು ಬೇರೆ ತೊಟ್ಟಿಯಲ್ಲಿಟ್ಟು, ಪರೀಕ್ಷಿಸಿದ ನಂತರವೇ ಕೆರೆಗೆ ಬಿಡಬೇಕು. ಮೀನುಗಾರಿಕೆ ಇಲಾಖೆ ಇದನ್ನು ಪ್ರತಿ ಬಿತ್ತನೆಯಲ್ಲೂ ಕಟ್ಟುನಿಟ್ಟಾಗಿ ಪಾಲಿಸಲಿ. ಮನೆಯ ಅಕ್ವೇರಿಯಂ ಮೀನು ಸಾಕಾಯಿತೆಂದು ಕೆರೆಗೆ ಸುರಿಯುವುದು ದಯೆಯಲ್ಲ; ದಯವಿಟ್ಟು ಆ ಕೆಲಸ ಮಾಡಬೇಡಿ.