ಏಳು ವರ್ಷ ದಾಟಿದರೆ ಜೀವಕ್ಕೆ ಬೆಲೆ ಇಲ್ಲವೇ ಸ್ವಾಮಿ?

ಬೆಂಗಳೂರು, ಮುಂಬೈ ಸಾಹುಕಾರರು ಹತ್ತು ಹದಿನೈದು ವರ್ಷ ಓಡಿಸಿ ಬೇಜಾರಾಗಿ ಬಿಟ್ಟ ವಿದೇಶಿ ಕಾರುಗಳು ಕೊನೆಗೆ ಬರುವುದೆಲ್ಲಿಗೆ? ನಮ್ಮಂಥ ತಾಲ್ಲೂಕುಗಳಿಗೆ! ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಬೀದಿಯಲ್ಲೋ ಮೊಳಕಾಲ್ಮುರಿನ ಸೀರೆ ಅಂಗಡಿಯ ಮುಂದೋ ಎರಡೇ ಬಾಗಿಲಿನ ಕೂಪೆ ಕಾರು ನಿಂತರೆ ಹುಡುಗರು ಮುತ್ತಿಕೊಳ್ಳುತ್ತಾರೆ. ಸಣ್ಣ ಕಾರಿನ ದುಡ್ಡಿಗೆ ದೊಡ್ಡ ಕಾರು ಸಿಕ್ಕಿತೆಂದು ಕೊಂಡವನು ಮೀಸೆ ತಿರುವುತ್ತಾನೆ. ತಿರುವಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಸ್ಟೇರಿಂಗಿನೊಳಗೆ ಏನು ಕೂತಿದೆ ಎಂದು ಅವನಿಗೆ ಹೇಳುವವರು ಯಾರು?

1998ರಿಂದ 2006ರವರೆಗೆ ಬಂದ ಬಿಎಂಡಬ್ಲ್ಯು 3 ಸೀರೀಸ್ ಕಾರನ್ನೇ ತೆಗೆದುಕೊಳ್ಳಿ. ಓಡಿಸಲು ಸೊಗಸು, ಒಪ್ಪೋಣ. ಆದರೆ ಅದರ ರೇಡಿಯೇಟರಿನ ಕೊರಳು, ಕೂಲೆಂಟ್ ತೊಟ್ಟಿ ಎಲ್ಲ ಪ್ಲಾಸ್ಟಿಕ್. ವಯಸ್ಸಾದಂತೆ ಕಾದು ಕಾದು ಹಪ್ಪಳದಂತೆ ಪುಡಿಯಾಗುತ್ತದೆ. ನೀರು ಸೋರಿದ್ದು ಗೊತ್ತಾಗದೆ ಏಪ್ರಿಲ್ ಬಿಸಿಲಿನಲ್ಲಿ ಹಿರಿಯೂರಿನಿಂದ ಬಳ್ಳಾರಿ ಕಡೆಗೆ ಹೊಡೆದುಕೊಂಡು ಹೋದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಕೂರುತ್ತದೆ. ಹಿಂದಿನ ಆಕ್ಸಲ್ ಹಿಡಿದಿರುವ ಜಾಗದಲ್ಲಿ ಬಾಡಿಯ ತಗಡೇ ಬಿರುಕು ಬಿಡುವುದು ಈ ಮಾದರಿಯ ಹೆಸರಾಂತ ಕಾಯಿಲೆ. ಇದೆಲ್ಲ ಜೇಬಿಗೆ ಬೀಳುವ ಹೊಡೆತ. ದುಡ್ಡು ಹೋದರೆ ದುಡಿದುಕೊಳ್ಳಬಹುದು.

ಏರ್‌ಬ್ಯಾಗ್ ಹಾಗಲ್ಲ. ಜಪಾನಿನ ತಕಾತಾ ಕಂಪನಿ ಏರ್‌ಬ್ಯಾಗ್ ಉಬ್ಬಿಸುವ ಡಬ್ಬಿಯೊಳಗೆ ಅಮೋನಿಯಂ ನೈಟ್ರೇಟ್ ತುಂಬಿತು. ತೇವ ಹೀರುವ ಪುಡಿ ಇಲ್ಲದ ಡಬ್ಬಿಗಳಲ್ಲಿ ವರ್ಷಗಟ್ಟಲೆ ಸೆಖೆ, ತೇವ ತಗುಲಿ ಮದ್ದು ಕೆಟ್ಟು ಪುಡಿಯಾಗುತ್ತದೆ. ಸಣ್ಣ ಡಿಕ್ಕಿಯಾದರೂ ಸಾಕು, ಉಬ್ಬಬೇಕಾದ ಚೀಲದ ಬದಲು ಲೋಹದ ಡಬ್ಬಿಯೇ ಸಿಡಿದು ಚೂರುಗಳು ಕತ್ತು, ಮುಖಕ್ಕೆ ನುಗ್ಗುತ್ತವೆ. ಲೋಕದಾದ್ಯಂತ 10 ಕೋಟಿಗೂ ಹೆಚ್ಚು ಡಬ್ಬಿಗಳನ್ನು ವಾಪಸು ಕರೆಯಲಾಯಿತು. 2017ರಲ್ಲಿ ಕಂಪನಿಯೇ ದಿವಾಳಿಯಾಯಿತು. ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಬಿಎಂಡಬ್ಲ್ಯು, 2000ದಿಂದ 2006ರ ನಡುವಿನ ಸುಮಾರು 90,000 ಕಾರುಗಳ ಮಾಲೀಕರಿಗೆ 'ರಿಪೇರಿಯಾಗುವ ತನಕ ಓಡಿಸಲೇಬೇಡಿ' ಎಂದಿತು. ಗಮನಿಸಿ, ಇಪ್ಪತ್ತು ವರ್ಷ ಹಳೆಯ ಕಾರಿಗೆ!

ನಮ್ಮಲ್ಲಿ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 110ಎ ಕಲಮು ಸೇರಿಸಿದರು. 2021ರ ಏಪ್ರಿಲ್ 1ರಿಂದ ನಿಯಮವೂ ಬಂತು. ದೋಷವಿರುವ ವಾಹನ ವಾಪಸು ಕರೆಯಿರೆಂದು ಕೇಂದ್ರ ಸರ್ಕಾರ ಕಂಪನಿಗೆ ಆಜ್ಞೆ ಮಾಡಬಹುದು, 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಭೇಷ್! ಆದರೆ ಒಳಗಿನ ಸಾಲು ಓದಿ: ತಯಾರಾದ ಅಥವಾ ಆಮದಾದ ದಿನದಿಂದ ಏಳು ವರ್ಷದೊಳಗಿನ ವಾಹನಕ್ಕೆ ಮಾತ್ರ. ಹಳತಾದಷ್ಟೂ ಅಪಾಯ ಹೆಚ್ಚುವ ವಸ್ತುವಿಗೆ, ಹಳತಾದ ಕೂಡಲೇ ಕಾನೂನು ಕೈಬಿಡುತ್ತದೆಂದರೆ ಏನನ್ನೋಣ? ದಿಲ್ಲಿಯ ಬುದ್ಧಿವಂತರಿಗೆ ಕಾರು ಎರಡನೇ, ಮೂರನೇ ಕೈಗೆ ಹೋಗುತ್ತದೆ ಎಂಬುದೇ ತಿಳಿಯದೋ? ಹೊಸ ಕಾರಿನವನ ಜೀವಕ್ಕೊಂದು ಬೆಲೆ, ಹಳೇ ಕಾರಿನವನದಕ್ಕೆ ಇನ್ನೊಂದೋ?

ಇನ್ನು ಭಾಷೆಯ ಮಾತು. ನಮ್ಮ ಪ್ರೆಸ್ಸಿಗೆ ಬಿಲ್ ಬುಕ್ ಮಾಡಿಸಲು ಬರುವ ಶೇಂಗಾ ವ್ಯಾಪಾರಿಯೊಬ್ಬರು ಒಂದು ಹಳೇ ಕಾರು ತಂದರು. ಯಾವ ಕಂಪನಿ ಎಂಬುದು ಬೇಡ. ಅದರ ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕ ಇಂಗ್ಲಿಷ್ ಕಾಗದ ಹಿಡಿದು, "ಇದೇನು ನೋಡ್ರಿ ಸಾರ್, ಇನ್ಶೂರೆನ್ಸಾ?" ಅಂದರು. ನೋಡಿದರೆ ಹಿಂದಿನ ಮಾಲೀಕನ ಹೆಸರಿಗೆ ಬಂದ ರೀಕಾಲ್ ಪತ್ರ! ಆತ ತೋರಿಸಿಲ್ಲ, ಇವರಿಗೆ ಓದಲು ಬಂದಿಲ್ಲ. ಪಿಯುಸಿ ಓದಿದ ನಾನೇ ಎರಡು ಸಲ ಓದಬೇಕಾಯಿತು, ಅಷ್ಟು ಸುತ್ತಿಬಳಸಿದ ವಕೀಲರ ಇಂಗ್ಲಿಷ್. ಕಾರು ಮಾರುವಾಗ ಕನ್ನಡದಲ್ಲಿ ಬಣ್ಣದ ಜಾಹೀರಾತು, ಸಾವಿನ ಸುದ್ದಿ ಮಾತ್ರ ಇಂಗ್ಲಿಷಿನಲ್ಲಿ. ಇದ್ಯಾವ ನ್ಯಾಯ?

ಏಳು ವರ್ಷದ ಮಿತಿ, ಕಡೇಪಕ್ಷ ಏರ್‌ಬ್ಯಾಗು, ಬ್ರೇಕು, ಬೆಂಕಿಯ ದೋಷಗಳಿಗಾದರೂ ಹೋಗಲಿ. ಆರ್‌ಸಿ ಹೆಸರು ಬದಲಾಗುವಾಗ ಬಾಕಿ ರೀಕಾಲ್ ಇದೆಯೇ ಎಂದು ಆರ್‌ಟಿಓ ಕಚೇರಿಯೇ ನೋಡಿ, ಹೊಸ ಮಾಲೀಕನಿಗೆ ಕನ್ನಡದಲ್ಲಿ ಬರೆದು ಕೊಡಲಿ. ಖರ್ಚಿನ ನೆಪ ಬೇಡ. ಒಂದು ಹಾಳೆ, ಸಾವಿರ ಪ್ರತಿ. ಬೆಳಿಗ್ಗೆ ಮ್ಯಾಟರ್ ಕೊಟ್ಟರೆ ಸಂಜೆಗೆ ಯಾವ ತಾಲ್ಲೂಕಿನ ಪ್ರೆಸ್ಸಿನವನೂ ಅಚ್ಚು ಹಾಕಿ ಕೊಡುತ್ತಾನೆ.

ಸರ್ಕಾರ ಏಳುವ ತನಕ ಕಾಯಬೇಡಿ. ಹಳೇ ಕಾರು ಕೊಳ್ಳುವ ಮುಂಚೆ ಚಾಸಿಯ 17 ಅಕ್ಷರದ ನಂಬರು ಬರೆದುಕೊಂಡು ಆ ಕಂಪನಿಯ ಡೀಲರನ್ನು ಕೇಳಿ. ಉತ್ತರ ಬರಹದಲ್ಲೇ ಪಡೆಯಿರಿ. ಕಾರು ಇಷ್ಟು ವರ್ಷ ಯಾವ ಊರಿನಲ್ಲಿತ್ತು ಎಂದೂ ವಿಚಾರಿಸಿ. ಮಂಗಳೂರು, ಮುಂಬೈ ಕಡಲ ತೇವ ಕುಡಿದು ಬಂದ ಡಬ್ಬಿ ನಮ್ಮೂರ ಒಣ ಹವೆಗೆ ಬಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಏರ್‌ಬ್ಯಾಗ್ ದೀಪ ಆರಿದೆ ಎಂದು ನಂಬಬೇಡಿ, ಮದ್ದು ಕೆಟ್ಟದ್ದನ್ನು ಆ ದೀಪ ತೋರಿಸುವುದಿಲ್ಲ. ಗುಜರಿಯಿಂದ ತಂದ ಏರ್‌ಬ್ಯಾಗನ್ನಂತೂ ಯಾವ ಮೇಸ್ತ್ರಿ ಹೇಳಿದರೂ ಹಾಕಿಸಲೇಬೇಡಿ.