ಸೀಸದಕಡ್ಡಿ ಹಿಡಿದು ಚಂದ್ರನನ್ನು ನೋಡುವದು

ಮುಧೋಳದ ಗೃಹಸ್ಥರೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಮಗನಿಗಾಗಿ ನಾಲ್ಕು ಅಂಗುಲ ಕನ್ನಡಿಯ ದುರ್ಬೀನೊಂದನ್ನು ಕೊಂಡರಂತೆ. ಹುಡುಗನು ಮೊದಲ ದಿನ ಚಂದ್ರನನ್ನು ನೋಡಿ ಬೆರಗಾದನು. ಎರಡನೆಯ ದಿನ ಮೊಬಾಯಿಲಿನಿಂದ ಅದರ ಚಿತ್ರ ತೆಗೆದನು. ಮೂರನೆಯ ದಿನ ದುರ್ಬೀನು ಅಟ್ಟವನ್ನೇರಿತು. “ಇನ್ನು ನೋಡುವದಕ್ಕೆ ಏನು ಉಳಿಯಿತು?” ಎಂದು ಅವರು ಕೇಳುತ್ತಾರೆ. ನೋಡುವದೆಲ್ಲವೂ ಉಳಿದಿದೆಯೆಂಬದೇ ನನ್ನ ಉತ್ತರ. ಹುಡುಗನ ಕೈಯಲ್ಲಿ ಒಂದು ಸೀಸದಕಡ್ಡಿಯನ್ನೂ ಒಂದು ವಹಿಯನ್ನೂ ಕೊಟ್ಟು, ಚಂದ್ರನ ಒಂದೇ ಒಂದು ಕುಳಿಯನ್ನು ಬರೆಯಲು ಹೇಳಿರಿ.

ಕಣ್ಣು ಸ್ವಭಾವದಿಂದ ಆಲಸಿ. ಕೈ ಕೆಲಸಕ್ಕೆ ನಿಂತಾಗಲೇ ಅದು ಎಚ್ಚರಗೊಳ್ಳುವದು. ಈ ಕುಳಿಯ ಅಂಚು ದುಂಡಗಿದೆಯೋ, ಮೂಲೆಗಳುಳ್ಳದ್ದೋ? ನೆರಳಿನ ತುದಿ ನುಣುಪೋ, ಗರಗಸದ ಹಲ್ಲಿನಂತಿದೆಯೋ? ಇಂಥ ಪ್ರಶ್ನೆಗಳನ್ನು ಬರಿಯ ನೋಟವು ಕೇಳುವದಿಲ್ಲ, ಗೆರೆಯೆಳೆಯುವ ಕೈ ಕೇಳುತ್ತದೆ. 1609ರ ಜುಲೈ ತಿಂಗಳಲ್ಲಿ ಇಂಗ್ಲಂಡದ ಥಾಮಸ್ ಹ್ಯಾರಿಯಟ್ಟನು ದುರ್ಬೀನಿನಿಂದ ಚಂದ್ರನನ್ನು ನೋಡಿ ಚಿತ್ರ ಬರೆದನು. ಅದರಲ್ಲಿ ಅಂಕುಡೊಂಕಾದ ಒಂದು ಗೆರೆಯೂ ಕೆಲವು ಕಪ್ಪು ಮಚ್ಚೆಗಳೂ ಇವೆ, ಕುಳಿಗಳಿಲ್ಲ. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗೆಲಿಲಿಯೋ ನೋಡಿದನು. ಚಿತ್ರಕಲೆಯ ಅಭ್ಯಾಸವಿದ್ದ ಅವನು ಕಪ್ಪನ್ನು ನೆರಳೆಂದು ಗುರುತಿಸಿದನು; ನೆರಳಿದ್ದ ಮೇಲೆ ಬೆಟ್ಟವೂ ತಗ್ಗೂ ಇರಲೇಬೇಕೆಂದು ತಿಳಿದನು. ಅವನ ಗ್ರಂಥವು 1610ರ ಮಾರ್ಚಿನಲ್ಲಿ ಪ್ರಕಟವಾಯಿತು. ಆ ಬಳಿಕ ಹ್ಯಾರಿಯಟ್ಟನು ಬರೆದ ಚಿತ್ರಗಳಲ್ಲಿಯೂ ಕುಳಿಗಳು ಕಾಣಿಸಿಕೊಂಡವು! ಚಂದ್ರನು ಬದಲಾಗಿರಲಿಲ್ಲ, ನೋಡುವವನು ಬದಲಾಗಿದ್ದನು.

ಯಾವ ದಿನ ಯಾವ ಕುಳಿಯನ್ನು ನೋಡಬೇಕೆಂಬದಕ್ಕೆ ಗೋಡೆಗೆ ತೂಗುಹಾಕಿದ ಪಂಚಾಂಗವೇ ಸಾಕು. ಚಂದ್ರನು ಸೂರ್ಯನಿಂದ 12 ಅಂಶ ದೂರ ಸರಿದರೆ ಒಂದು ತಿಥಿ. ಚಂದ್ರನ ಮೇಲೆ ಬೆಳಕೂ ಕತ್ತಲೆಯೂ ಕೂಡುವ ಸಂಧಿರೇಖೆಯು ಒಂದು ತಿಥಿಗೆ ಹೆಚ್ಚುಕಡಿಮೆ ಅಷ್ಟೇ ಅಂಶ ಸರಿಯುವದು. ಆ ರೇಖೆಯೆಂದರೆ ಅಲ್ಲಿಯ ಸೂರ್ಯೋದಯ. ನಮ್ಮ ಹೊಲಗಳಲ್ಲಿ ಬೆಳಗಿನ ಬಿಸಿಲಿಗೆ ಸಣ್ಣ ಹೆಂಟೆಯೂ ಉದ್ದನೆಯ ನೆರಳನ್ನು ಚಾಚುವಂತೆ, ಸಂಧಿರೇಖೆಯ ಸಮೀಪದಲ್ಲಿಯೇ ಕುಳಿಗಳು ಎದ್ದು ತೋರುವವು. ಶುಕ್ಲ ಷಷ್ಠಿಯಂದು ಥಿಯೋಫಿಲಸ್, ಅಷ್ಟಮಿಯಂದು ಟಾಲೆಮಿಯಸ್, ನವಮಿಯಂದು ಟೈಕೋ, ದಶಮಿಯಂದು ಕೋಪರ್ನಿಕಸ್, ಏಕಾದಶಿಯಂದು ಗ್ಯಾಸೆಂಡಿ ಈ ಕುಳಿಗಳನ್ನು ಹುಡುಕಬಹುದು. ಹುಣ್ಣಿಮೆಯು ಇದಕ್ಕೆ ಪ್ರಯೋಜನವಿಲ್ಲ. ಅಂದು ಚಂದ್ರನ ನಡುಭಾಗದಲ್ಲಿ ನೆತ್ತಿಯ ಬಿಸಿಲು, ನೆರಳೆಂಬದೇ ಇಲ್ಲ. ಟೈಕೋದಿಂದ ಹೊರಟ ಬಿಳಿಯ ಕಿರಣಗಳನ್ನು ಮಾತ್ರ ಅಂದು ನೋಡಿ ಸಂತೋಷಪಡಬಹುದು.

ದುರ್ಬೀನನ್ನು ಎಲ್ಲಿಡಬೇಕು? ಜಮಖಂಡಿ, ಬೀಳಗಿಗಳ ಕಡೆಯ ಮನೆಗಳ ಮಾಳಿಗೆಯು ಹಗಲೆಲ್ಲ ಕಾಯ್ದು, ರಾತ್ರಿ ಬಹಳ ಹೊತ್ತಿನವರೆಗೆ ಆ ಕಾವನ್ನು ಬಿಡುತ್ತಿರುವದು. ಅದರ ಮೇಲಿಟ್ಟ ದುರ್ಬೀನಿನಲ್ಲಿ ಚಂದ್ರನು, ಹರಿಯುವ ಘಟಪ್ರಭೆಯ ತಳದ ಕಲ್ಲಿನಂತೆ ಕದಲುವನು. ಆದಕಾರಣ ಹಿತ್ತಲಿನ ಮಣ್ಣಿನ ನೆಲವೇ ಒಳ್ಳೆಯದು. ಕನ್ನಡಿಯು ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಅರ್ಧ ತಾಸು ಮೊದಲೇ ಹೊರಗಿಡಬೇಕು. ಫಾಲ್ಗುಣ ಚೈತ್ರಗಳಲ್ಲಿ ಅಷ್ಟಮಿಯ ಚಂದ್ರನು ಸಂಜೆಗೆ ನಮ್ಮ ನೆತ್ತಿಯ ಹತ್ತಿರವೇ ಬರುವದರಿಂದ ಆ ಎರಡು ಮಾಸಗಳು ಶ್ರೇಷ್ಠವಾದವು. ಒಂದು ಎಚ್ಚರಿಕೆ: ಹಗಲು ಹೊತ್ತಿನಲ್ಲಿ ಮಕ್ಕಳು ಇದೇ ದುರ್ಬೀನನ್ನು ಸೂರ್ಯನ ಕಡೆಗೆ ತಿರುಗಿಸದಂತೆ ನೋಡಿಕೊಳ್ಳಿರಿ. ಕ್ಷಣಮಾತ್ರದಲ್ಲಿ ಕಣ್ಣು ಹೋಗುವದು.

ಇನ್ನು ಬರೆಯುವ ಬಗೆ. ಇಡೀ ಚಂದ್ರನನ್ನು ಬರೆಯಲು ಹೋಗಬಾರದು. ಒಂದು ಕುಳಿ, ಅರ್ಧ ತಾಸು, ಅಂಗೈಯಗಲದ ಚಿತ್ರ. ಮೊದಲು ಕುಳಿಯ ಆಕಾರವನ್ನು ತೆಳುವಾಗಿ ಎಳೆದು, ಕೂಡಲೇ ನೆರಳುಗಳನ್ನು ಗುರುತಿಸಿಕೊಳ್ಳಬೇಕು, ಯಾಕೆಂದರೆ ಅವು ಕಾಯುವದಿಲ್ಲ. ಚಂದ್ರನ ನಡುಭಾಗದಲ್ಲಿ ಸಂಧಿರೇಖೆಯು ತಾಸಿಗೆ ಸುಮಾರು 15 ಕಿಲೋಮೀಟರು, ಅಂದರೆ ಸೈಕಲ್ಲು ತುಳಿಯುವವನ ವೇಗದಿಂದ, ಸರಿಯುತ್ತಿರುವದು. ಬೂದು ಬಣ್ಣದ ತರತಮಗಳನ್ನು ಆಮೇಲೆ ಸಾವಕಾಶವಾಗಿ ತುಂಬಬಹುದು. ಬಿಂಬದ ಅಂಚಿನ ಹತ್ತಿರದ ಕುಳಿಯು ಓರೆಯಾಗಿ, ಮೊಟ್ಟೆಯ ಆಕಾರವಾಗಿ ಕಾಣುವದು. ಪುಸ್ತಕದಲ್ಲಿ ಕುಳಿಯು ದುಂಡಗಿದೆಯೆಂದು ಓದಿದ ಮಕ್ಕಳು ಅದನ್ನೂ ದುಂಡಗೆ ಬರೆಯುವರು. ಅಲ್ಲಿ ಅವರನ್ನು ತಡೆಯಬೇಕು. ಕನ್ನಡಿಯ ದುರ್ಬೀನಿನಲ್ಲಿ ಬಿಂಬವು ತಲೆಕೆಳಗಾಗಿರುವದು; ಕಂಡಂತೆಯೇ ಬರೆದು, ಉತ್ತರ ದಿಕ್ಕನ್ನು ಗುರುತು ಮಾಡಿದರಾಯಿತು. ಕೊನೆಗೆ ದಿನಾಂಕ, ತಿಥಿ, ಗಂಟೆ ನಿಮಿಷಗಳನ್ನು ತಪ್ಪದೆ ಬರೆಯಬೇಕು. ಈ ಕೊನೆಯ ಮಾತು ಎಷ್ಟು ಮಹತ್ವದ್ದೆಂಬದಕ್ಕೆ ಒಂದು ಸಂಗತಿಯನ್ನು ಹೇಳುವೆನು.

ಬನಹಟ್ಟಿಯ ನೇಕಾರರ ಮನೆಯ ಅಣ್ಣ ತಂಗಿಯರಿಬ್ಬರು ಒಂದು ಶುಕ್ಲ ದಶಮಿಯಂದು ಕೋಪರ್ನಿಕಸ್ ಕುಳಿಯನ್ನು ಬರೆದರು. ಅದರ ಅಗಲ 93 ಕಿಲೋಮೀಟರು, ಆಳ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಅಣ್ಣನು ಏಳು ಗಂಟೆಗೆ ಬರೆದ ಚಿತ್ರದಲ್ಲಿ ನೆರಳು ಕುಳಿಯ ಅರ್ಧವನ್ನು ತುಂಬಿ, ನಡುವಿನ ಗುಡ್ಡಗಳ ಬುಡದ ಹತ್ತಿರ ಬಂದಿತ್ತು. ತಂಗಿಯು ಊಟ ಮುಗಿಸಿ ಬಂದು ಹತ್ತು ಗಂಟೆಗೆ ಬರೆದ ಚಿತ್ರದಲ್ಲಿ ಅದು ಮೂರನೆಯ ಒಂದು ಪಾಲನ್ನು ಸ್ವಲ್ಪವೇ ಮೀರಿತ್ತು. ಅಣ್ಣನು ನಕ್ಕನು. ತಂದೆಯು ಅಚ್ಚಾದ ಪುಸ್ತಕವೊಂದನ್ನು ತೆರೆದರು. ಅದರಲ್ಲಿಯ ಚಿತ್ರವು ಎರಡಕ್ಕೂ ಹೋಲಲಿಲ್ಲ. “ಪುಸ್ತಕದಾಗ ಹಿಂಗಿಲ್ಲಲ್ರೀ ಮಾಸ್ತರ, ಇಬ್ಬರೂ ಅಳಿಸಿ ಇದನ್ನ ನೋಡಿ ತಗೀಲಿ,” ಎಂದರು. ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು; “ನಾ ನೋಡಿದಾಗ ಹಿಂಗ ಇತ್ರೀ,” ಎಂದಷ್ಟೇ ಅಂದಳು. ನಾನು ರಬ್ಬರನ್ನು ತೆಗೆದುಕೊಂಡು ಕಿಸೆಯಲ್ಲಿಟ್ಟುಕೊಂಡೆನು.

ಬಳಿಕ ಮೂವರನ್ನೂ ಕೂಡ್ರಿಸಿ ಲೆಕ್ಕ ಮಾಡಿದೆವು. ಅಲ್ಲಿಯ ಸೂರ್ಯನು ತಾಸಿಗೆ ಅರ್ಧ ಅಂಶದಷ್ಟು ಏರುವನು. ಮೂರು ತಾಸಿಗೆ ಒಂದೂವರೆ ಅಂಶ. ಏಳು ಗಂಟೆಗೆ ಸೂರ್ಯನು 5 ಅಂಶ ಎತ್ತರದಲ್ಲಿದ್ದನೆಂದು ಹಿಡಿದರೆ ಕುಳಿಯ ಗೋಡೆಯ ನೆರಳು ಸುಮಾರು 43 ಕಿಲೋಮೀಟರು. ಹತ್ತು ಗಂಟೆಗೆ ಆರೂವರೆ ಅಂಶ, ನೆರಳು ಸುಮಾರು 33. ಅಣ್ಣನ ಚಿತ್ರವೂ ನಿಜ, ತಂಗಿಯ ಚಿತ್ರವೂ ನಿಜ. ಪುಸ್ತಕದ ಚಿತ್ರವು ಮತ್ತಾವದೋ ಹೊತ್ತಿನದು, ಅದೂ ನಿಜವೇ. ಗಂಟೆಯನ್ನು ಬರೆದಿಡದಿದ್ದರೆ ಎರಡು ಸತ್ಯಗಳು ಒಂದನ್ನೊಂದು ಸುಳ್ಳೆನ್ನುತ್ತಿದ್ದವು. ಅಳಿಸಿದ್ದರೆ ಎರಡೂ ಹೋಗಿ, ಆ ಮಕ್ಕಳು ಇನ್ನೆಂದೂ ತಮ್ಮ ಕಣ್ಣನ್ನು ನಂಬುತ್ತಿರಲಿಲ್ಲ.

ಪುಸ್ತಕವನ್ನು ನಾನು ಹಳಿಯುವದಿಲ್ಲ. ಹ್ಯಾರಿಯಟ್ಟನಿಗೆ ಕುಳಿಗಳನ್ನು ತೋರಿಸಿದ್ದು ಗೆಲಿಲಿಯೋನ ಪುಸ್ತಕವೇ ಸರಿ. ಎಲ್ಲಿ ನೋಡಬೇಕೆಂಬದನ್ನು ಪುಸ್ತಕವು ಹೇಳಲಿ. ಏನು ಕಂಡಿತೆಂಬದನ್ನು ಕಣ್ಣೇ ಹೇಳಬೇಕು. ನಮ್ಮ ಹಿರಿಯರು ಗಣಿತವು ನೋಟಕ್ಕೆ ಸರಿಹೊಂದುವದನ್ನು ದೃಕ್ಪ್ರತ್ಯಯವೆಂದರು. ಸೂರ್ಯಸಿದ್ಧಾಂತದಲ್ಲಿ ಗ್ರಹಣದ ಆಕೃತಿಯನ್ನು ಬರೆಯುವದಕ್ಕೇ ಒಂದು ಅಧ್ಯಾಯವಿದೆ; ಚಂದ್ರನ ಕೋಡುಗಳ ಏರಿಳಿತಕ್ಕೆ ಶೃಂಗೋನ್ನತಿಯೆಂಬ ಇನ್ನೊಂದು ಅಧ್ಯಾಯವಿದೆ. ನಮ್ಮ ನೆರೆಯ ಬಾಗಲಕೋಟೆಯಲ್ಲಿ ಶಾಲಾಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು (1854–1930) ಸಂಸ್ಕೃತದಲ್ಲಿ ‘ಜ್ಯೋತಿರ್ಗಣಿತ’ವನ್ನು ರಚಿಸಿ, ಪಂಚಾಂಗವು ಆಕಾಶಕ್ಕೆ ಒಪ್ಪಬೇಕೆಂದು ದುಡಿದರು. ಆಕಾಶವು ಪಂಚಾಂಗಕ್ಕೆ ಒಪ್ಪಬೇಕೆಂದು ಅವರು ಹೇಳಲಿಲ್ಲ. ಈ ಸೀಮೆಯ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಮೇಲ್ಪಂಕ್ತಿ ಬೇಡ.

ಅಭ್ಯಾಸವು ಕುದುರಿದ ಮೇಲೆ ನಮ್ಮವರ ಹೆಸರಿನ ಕುಳಿಗಳನ್ನೂ ಹುಡುಕಬಹುದು. ಚಂದ್ರನು ಸೂರ್ಯನ ಬೆಳಕಿನಿಂದಲೇ ಹೊಳೆಯುವನೆಂದ ಆರ್ಯಭಟನ ಹೆಸರಿನ ಕುಳಿಯ ಅಗಲ 22 ಕಿಲೋಮೀಟರು. ಹಿಂದೆ ಹರಿದ ಕರಗಿದ ಕಲ್ಲಿನಲ್ಲಿ ಅದು ಮುಳುಗಿ, ಪೂರ್ವದ ಅಂಚು ಮಾತ್ರ ಬಿಲ್ಲಿನಂತೆ ಉಳಿದಿದೆ. ಪಂಚಮಿಯ ಸಂಜೆಗೆ ನೋಡಿರಿ. ಷಷ್ಠಿಯಂದು ದಕ್ಷಿಣದ ಅಂಚಿನ ಕಡೆಗೆ ಮಾಂಜೀನಸ್ ಎಂಬ ದೊಡ್ಡ ಕುಳಿಯು ಸಿಕ್ಕುವದು. ಅದರ ನೆರೆಯಲ್ಲಿಯೇ 2023ರ ಆಗಸ್ಟ್ 23ರಂದು, ಶುಕ್ಲ ಸಪ್ತಮಿಯ ಸಂಜೆಗೆ, ಚಂದ್ರಯಾನ-3ರ ವಿಕ್ರಮವು ಇಳಿಯಿತು. ಬಿಸಿಲಿನಿಂದಲೇ ವಿದ್ಯುತ್ತನ್ನು ಪಡೆಯುವ ಆ ಯಂತ್ರವನ್ನು ಅಲ್ಲಿ ಬೆಳಗಾದ ಹೊತ್ತು ನೋಡಿಯೇ ಇಳಿಸಿದರು. ಯಂತ್ರವು ನಮ್ಮ ದುರ್ಬೀನಿಗೆ ಕಾಣುವದಿಲ್ಲ. ಆದರೆ ಆ ಬೆಳಗು ಕಾಣುವದು.

ಒಂದು ವರ್ಷದಲ್ಲಿ ಶುಕ್ಲಪಕ್ಷದ ಪಂಚಮಿಯಿಂದ ತ್ರಯೋದಶಿಯವರೆಗಿನ ಒಂಬತ್ತು ತಿಥಿಗಳಿಗೆ ಒಂದೊಂದು ಚಿತ್ರವಾದರೂ ಸಾಕು. ಆಷಾಢ ಶ್ರಾವಣಗಳ ಮೋಡ ಕವಿದ ಸಂಜೆಗಳಲ್ಲಿ ಮನೆಮಂದಿಯೆಲ್ಲ ಆ ವಹಿಯನ್ನು ತೆರೆದು, ಯಾವ ಚಿತ್ರವು ಯಾವ ಹೊತ್ತಿನದೆಂದು ನೆರಳು ನೋಡಿ ಹೇಳಲು ಕಲಿಯಲಿ. ರಬ್ಬರನ್ನು ಮಾತ್ರ ಹಿರಿಯರೇ ಇಟ್ಟುಕೊಳ್ಳಲಿ.