ಸೀಲ್ ಇಲ್ಲದ ಪಂಪು

ಇಳಕಲ್ ಸೀರೆ ಅಂದ್ರೆ ಎಲ್ಲರೂ ತೋಪ್ ತೆನಿ ಸೆರಗಿನ ಮಾತಾಡ್ತಾರೆ. ನಾನು ಇವತ್ತು ನೂಲಿಗೆ ಬಣ್ಣ ಹಾಕೋ ಶೆಡ್ಡಿನ ಮಾತಾಡ್ತೀನಿ. ಹತ್ತಿ ನೂಲಿಗೆ ವ್ಯಾಟ್ ಬಣ್ಣ ಹಿಡಿಬೇಕಾದ್ರೆ ಕಾಸ್ಟಿಕ್ ಸೋಡಾ ಬೇಕೇ ಬೇಕು. ಅದನ್ನು ಡ್ರಮ್ಮಿನಿಂದ ತೊಟ್ಟಿಗೆ ಸಾಗಿಸೋದು ಹೇಗೆ? ಸಣ್ಣ ಶೆಡ್ಡಾದ್ರೆ ಬಕೆಟ್, ಇಲ್ಲಾ ಹಳೇ ನೀರಿನ ಪಂಪು.

ಮಾಮೂಲಿ ಪಂಪು ಸೋರೋದು ಶಾಫ್ಟ್ ಹೊರಗೆ ಬರೋ ಜಾಗದಲ್ಲಿ. ನೀರು ತೊಟ್ಟಿಕ್ಕಿದ್ರೆ ನೆಲ ಒದ್ದೆ, ಅಷ್ಟೇ. ಕಾಸ್ಟಿಕ್ ಸಿಡಿದು ಕಣ್ಣಿಗೆ ಬಿದ್ರೆ ದೃಷ್ಟಿನೇ ಹೋಗಬಹುದು. ಅದು ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತೆ.

ಮ್ಯಾಗ್ನೆಟಿಕ್ ಡ್ರೈವ್ ಪಂಪಿನಲ್ಲಿ ಆ ತೂತೇ ಇಲ್ಲ. ಮೋಟಾರು ಹೊರಗಿನ ಅಯಸ್ಕಾಂತ ತಿರುಗಿಸುತ್ತೆ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗಿನ ಅಯಸ್ಕಾಂತ ಅದರ ಹಿಂದೆ ತಿರುಗುತ್ತೆ, ಅದಕ್ಕೆ ಅಂಟಿದ ಇಂಪೆಲ್ಲರ್ ದ್ರವ ತಳ್ಳುತ್ತೆ. ಸೀಲ್ ಇಲ್ಲ, ಸೋರೋ ದಾರಿಯಿಲ್ಲ.

ಹಂಗಂತ ತಂದು ಕೂಡಿಸಿದ ಕೂಡ್ಲೆ ಮುಗೀತು ಅನ್ನಂಗಿಲ್ಲ. ಪರಿಚಯದ ಬಣ್ಣದ ಶೆಡ್ಡಿನವರೊಬ್ಬರು ಫೋನ್ ಮಾಡಿದ್ರು: "ಸರ್, ಹೊಸಾ ಪಂಪ್ ಒಂದ್ ವಾರಕ್ಕ ಜಾಮ್ ಆಗೇತ್ರಿ. ಮೋಟಾರ್ ತಿರಗತೈತಿ, ಎಣ್ಣಿ ಬರವಲ್ದು." (ಅವರ ಲೆಕ್ಕದಲ್ಲಿ ಡ್ರಮ್ಮಿನಲ್ಲಿರೋದೆಲ್ಲ ಎಣ್ಣೆನೇ.) ಡ್ರಮ್ ಖಾಲಿಯಾದ ಮೇಲೂ ಸ್ವಿಚ್ ಹಾಗೇ ಇತ್ತಂತೆ. ಒಳಗಿನ ಬೇರಿಂಗಿಗೆ ಆ ದ್ರವವೇ ತಂಪು, ದ್ರವವೇ ಗ್ರೀಸು. ಒಣಗಿ ಓಡಿದ್ರೆ ನಿಮಿಷಗಳಲ್ಲೇ ಬಿಸಿಯಾಗಿ ಹಾಳಾಗ್ತದೆ. ಪಂಪು ಯಾವಾಗಲೂ ಟ್ಯಾಂಕಿನ ಮಟ್ಟಕ್ಕಿಂತ ಕೆಳಗಿರಲಿ. ಬಹುತೇಕ ಮಾದರಿಗಳು ಮೇಲಿಂದ ತಾವೇ ಎಳಕೊಳ್ಳಲ್ಲ. ಲೋಡ್ ಇಳಿದ ಕೂಡಲೇ ಮೋಟಾರ್ ಆಫ್ ಮಾಡೋ ಡ್ರೈ ರನ್ ರಿಲೇ ಒಂದು ಹಾಕಿಸಿದ್ರೆ ಪಂಪಿನ ದುಡ್ಡು ಉಳೀತು.

ಇನ್ನೊಂದು ಮಾತು ಅಂಗಡಿಯವರಿಗೂ ಇಷ್ಟ ಆಗಲ್ಲ. ಪಿವಿಡಿಎಫ್ ಬಾಡಿ ದುಬಾರಿ, ಹಾಗಾಗಿ ಅದೇ ಒಳ್ಳೇದು ಅಂತ ಕೊಡ್ತಾರೆ. ಕಾಸ್ಟಿಕ್‌ಗೆ ಅದು ಹೊಂದಲ್ಲ, ಗಟ್ಟಿ ದ್ರಾವಣದಲ್ಲಿ ಬಿರುಕು ಬಿಡುತ್ತೆ. ಅಗ್ಗದ ಪಾಲಿಪ್ರೊಪಿಲೀನೇ ಸಾಕು, ಬಿಸಿ ವಿಪರೀತ ಇರದಿದ್ದರೆ. ಹೈಡ್ರೋಕ್ಲೋರಿಕ್ ಆಸಿಡ್‌ಗೂ ಪಿಪಿ ತಡೆಯುತ್ತೆ. ಎಲ್ಲರೂ ನಂಬೋ 316 ಸ್ಟೀಲ್ ತಡೆಯಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೇನು ಕಮ್ಮಿ? ಅಲ್ಲಿ ಪಾತ್ರೆಗಳ ಗಸಿ ತೆಗೆಯೋಕೂ ಕಾಸ್ಟಿಕ್ಕೇ ಬೇಕು. ಕೆಲಸಕ್ಕೆ ಸೇರಿದ ಹೊಸ ಇಂಜಿನಿಯರುಗಳು ಆರ್ಡರ್ ಹಾಕೋ ಮೊದಲು ದ್ರವದ ಹೆಸರು, ಶೇಕಡಾ ಎಷ್ಟು, ಎಷ್ಟು ಡಿಗ್ರಿ, ಈ ಮೂರು ಬರೆದು ಕೇಳಿ.

ಹುನಗುಂದ, ಇಳಕಲ್ ಕಡೆಯ ಗ್ರಾನೈಟ್ ರಾಡಿಗೆ ಮಾತ್ರ ಇದನ್ನ ಇಡಬೇಡಿ. ಕಲ್ಲಿನ ಪುಡಿ ಬೇರಿಂಗ್ ತಿನ್ನುತ್ತೆ, ಕಬ್ಬಿಣದ ಚೂರಿದ್ರೆ ನೇರ ಅಯಸ್ಕಾಂತಕ್ಕೆ ಅಂಟ್ಕೊಳ್ಳುತ್ತೆ.

ಬಿಚ್ಚುವಾಗ ಬೆರಳು ಜೋಪಾನ, ಆ ಅಯಸ್ಕಾಂತ ಚಿವುಟುತ್ತೆ. ಪೇಸ್‌ಮೇಕರ್ ಇದ್ದವರು ಹತ್ತಿರ ಬರೋದೇ ಬೇಡ. ಕಾಸ್ಟಿಕ್ ಕಣ್ಣಿಗೆ ಬಿದ್ದರೆ ತಕ್ಷಣ ಹರಿಯೋ ನೀರಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಪಂಪು ಕೊಳ್ಳೋಕೆ ಆಗದ ಶೆಡ್ಡಿನಲ್ಲೂ ಒಂದು ನಲ್ಲಿ, ಒಂದು ಕನ್ನಡಕ ಇಡೋಕೆ ಆಗುತ್ತೆ.